ಒಂದು ಕಣ್ಣು, ತುಟಿ, ಒಂದು ಮಚ್ಚೆ

ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಆಲ್ಬಂ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಕನ್ನಡಿಯಲ್ಲಿ ಅಷ್ಟು ಲಕ್ಷಣವಾಗಿ ಕಂಡಿದ್ದ ಹುಡುಗಿ ಫೋಟೋದಲ್ಲಿ ಸುಣ್ಣ ಬಳಿದ ಹಾಗೆ ಕಾಣುತ್ತಿದ್ದಳು. ಕಣ್ಣಿನ ಕೆಳಗೆ, ಮೂಗಿನ ಪಕ್ಕ ಬೆಳ್ಳನೆಯ ತೇಪೆ. ತಪ್ಪು ನನ್ನದೇ. ಕೊನೆಯಲ್ಲಿ ಸವರಿದ ಸಿಲಿಕಾ ಪೌಡರ್ ಬರಿಗಣ್ಣಿಗೆ ಕಾಣುವುದಿಲ್ಲ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಮಾತ್ರ ಅದು ಬೆಳಕನ್ನು ನೇರ ಕ್ಯಾಮೆರಾಗೆ ವಾಪಸ್ ಕಳಿಸುತ್ತದೆ. ಅವತ್ತೇ ತೀರ್ಮಾನ ಮಾಡಿದೆ, ಬೆಳಕು ಏನು ಅಂತ ತಿಳಿಯದೆ ಇನ್ನು ಬ್ರಷ್ ಹಿಡಿಯಬಾರದು ಅಂತ.

ಒಂದು ಹಳೆಯ ಕ್ಯಾಮೆರಾ, ಬೆಳಕನ್ನು ಮೆತ್ತಗೆ ಹರಡುವ ಎರಡು ಸಾಫ್ಟ್‌ಬಾಕ್ಸ್ ತಗೊಂಡೆ. ಸುಮ್ನೆ ಕ್ಲಿಕ್ ಮಾಡುತ್ತಾ ಹೋದರೆ ಏನೂ ಹತ್ತುವುದಿಲ್ಲ ಅಂತ ಬೇಗ ಗೊತ್ತಾಯಿತು. ಯಾರದಾದರೂ ಒಂದೇ ಒಂದು ಚಿತ್ರ ಹಿಡಿದು, ಅದನ್ನು ಬಿಚ್ಚಿ ನೋಡಬೇಕು ಅನಿಸಿತು. ನಾನು ಹಿಡಿದದ್ದು ಎರ್ವಿನ್ ಬ್ಲೂಮೆನ್‌ಫೆಲ್ಡ್ ಎಂಬ ಫೋಟೋಗ್ರಾಫರ್ ಮಾಡಿದ ಮುಖಪುಟ, ಅಮೆರಿಕದ ‘ವೋಗ್’ ಫ್ಯಾಷನ್ ಪತ್ರಿಕೆಯ 1950ರ ಜನವರಿ ಸಂಚಿಕೆಯದು.

ಅದರಲ್ಲಿರುವುದು ಜೀನ್ ಪ್ಯಾಚೆಟ್ ಎಂಬ ಮಾಡೆಲ್. ಆದರೆ ಮುಖವೇ ಇಲ್ಲ! ಒಂದು ಕಣ್ಣು, ಅದರ ಮೇಲಿನ ಹುಬ್ಬು, ಕೆಂಪು ತುಟಿ, ಒಂದು ಮಚ್ಚೆ. ಮೂಗಿಲ್ಲ, ಕೆನ್ನೆಯ ಅಂಚಿಲ್ಲ. ಉಳಿದದ್ದೆಲ್ಲ ಕಾಗದದ ಬಿಳುಪು. ಆದರೂ ನೋಡುವವರ ಕಣ್ಣು ಪೂರ್ತಿ ಹೆಂಗಸನ್ನು ಕಟ್ಟಿಕೊಳ್ಳುತ್ತದೆ. ಮೂಲದಲ್ಲಿ ಅದು ಕಪ್ಪು-ಬಿಳುಪು ಫೋಟೋ. ಬ್ಲೂಮೆನ್‌ಫೆಲ್ಡ್ ಬೇಡದ್ದನ್ನು ಅಳಿಸಿ, ಆಮೇಲೆ ಬಣ್ಣ ಕೊಟ್ಟ. ಕಣ್ಣಿನ ಹೊರತುದಿಯಲ್ಲಿ ಲೈನರ್ ಮೇಲಕ್ಕೆ ಎಳೆದಿರುವ ಆ ಮೇಕಪ್ಪಿಗೆ ಅಲ್ಲಿ ಜಿಂಕೆಗಣ್ಣು ಅಂತಲೇ ಹೆಸರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹರಿಣಾಕ್ಷಿ ಅಂತ ಹೆಸರಿಡುವುದಿಲ್ಲವೇ, ಅದೇ.

ಬ್ಲೂಮೆನ್‌ಫೆಲ್ಡ್ ಹುಟ್ಟಿದ್ದು 1897ರಲ್ಲಿ ಬರ್ಲಿನ್ನಿನಲ್ಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಚರ್ಮದ ಬ್ಯಾಗುಗಳ ಅಂಗಡಿ ಇಟ್ಟಿದ್ದ. ಅಂಗಡಿ ಬೇರೆ ಜಾಗಕ್ಕೆ ಹೋದಾಗ ಹಿಂದುಗಡೆ ಒಂದು ಡಾರ್ಕ್‌ರೂಮ್, ಅಂದರೆ ಫೋಟೋ ತೊಳೆಯುವ ಕತ್ತಲೆ ಕೋಣೆ, ಸಿಕ್ಕಿತು. ಬ್ಯಾಗು ಕೊಳ್ಳಲು ಬಂದ ಹೆಂಗಸರನ್ನೇ ಕೂರಿಸಿ ಫೋಟೋ ತೆಗೆಯಲು ಶುರು ಮಾಡಿದ. ಅಂಗಡಿ ಮುಳುಗಿತು, ಫೋಟೋ ಉಳಿಯಿತು. ಜರ್ಮನಿಯ ಯಹೂದಿಯಾಗಿದ್ದ ಅವನು ಯುದ್ಧದ ಕಾಲದಲ್ಲಿ ಫ್ರಾನ್ಸಿನ ಬಂಧನ ಶಿಬಿರಗಳಲ್ಲಿ ನರಳಿ, 1941ರಲ್ಲಿ ಸಂಸಾರದ ಜೊತೆ ನ್ಯೂಯಾರ್ಕ್ ಸೇರಿದ. ಗಾಜು, ಕನ್ನಡಿ, ಒದ್ದೆ ರೇಷ್ಮೆ ಬಟ್ಟೆ, ಇವೆಲ್ಲ ಅವನ ಕೈಯಲ್ಲಿ ಮುಖ ಮರೆಮಾಡುವ ಸಾಧನಗಳಾದವು. ಎಲ್ಲವನ್ನೂ ತೋರಿಸದೆ ಇರುವುದನ್ನು ನಾನು ಇವನಿಂದಲೇ ಕಲಿತೆ.

ನನ್ನ ಮೊದಲ ಪ್ರಯತ್ನಕ್ಕೆ ಕೂತವಳು ಅಕ್ಕನ ಮಗಳು. ಪಾರ್ಲರಿನ ಮಹಡಿ ಮೇಲಿನ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿದೆ. ಎರಡೂ ಕಡೆಯಿಂದ ಒಂದೇ ಅಳತೆಯ ಬೆಳಕು, ಗದ್ದದ ಕೆಳಗೆ ಥರ್ಮಾಕೋಲ್ ಹಲಗೆ. ನೆರಳು ಇಲ್ಲದಿದ್ದರೆ ಮೂಗು ಇಲ್ಲ, ಇದು ಲೆಕ್ಕ. ಮೂಗಿನ ಗೆರೆ ಹೋಯಿತು ನಿಜ, ಆದರೆ ಹೊಳ್ಳೆಗಳು ಎರಡು ಚುಕ್ಕಿಯಾಗಿ ಉಳಿದವು. ಕ್ಯಾಮೆರಾವನ್ನು ಕಣ್ಣಿಗಿಂತ ಸ್ವಲ್ಪ ಮೇಲೆ ಎತ್ತಿದ ಮೇಲೆ ಅವೂ ಮರೆಯಾದವು.

ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿದೆ. ಕಂಪ್ಯೂಟರಿನಲ್ಲಿ ಫೋಟೋ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಚಾನೆಲ್ ಆಗಿರುತ್ತದೆ. ಚರ್ಮ ಬೆಳ್ಳಗಾಗಲಿ ಅಂತ ಬರೀ ಕೆಂಪು ಚಾನೆಲ್ ಇಟ್ಟುಕೊಂಡೆ. ಚರ್ಮವೇನೋ ಬೆಳಕಾಯಿತು, ಜೊತೆಗೆ ತುಟಿಯೂ ಮಾಯ! ಅಷ್ಟು ದಟ್ಟವಾಗಿ ಹಚ್ಚಿದ ಕೆಂಪು ಲಿಪ್‌ಸ್ಟಿಕ್ ಕೆನ್ನೆಯ ಬಣ್ಣಕ್ಕೇ ಬಂದುಬಿಟ್ಟಿತ್ತು. ಯೋಚನೆ ಮಾಡಿದರೆ ಸಹಜವೇ. ಕೆಂಪು ಬಣ್ಣ ಕೆಂಪು ಬೆಳಕನ್ನು ಹೀರುವುದಿಲ್ಲ, ವಾಪಸ್ ಕೊಡುತ್ತದೆ. ಹಸಿರು ಚಾನೆಲ್‌ಗೆ ಹೋದೆ. ತುಟಿ ಕಪ್ಪಾಗಿ ಎದ್ದು ನಿಂತಿತು, ಆದರೆ ಕೆನ್ನೆಯ ಮೊಡವೆ ಕಲೆಗಳೂ ಎದ್ದು ಬಂದವು. ಕೊನೆಗೆ ಚರ್ಮಕ್ಕೆ ಒಂದು, ತುಟಿಗೆ ಒಂದು ಅಂತ ಎರಡು ಪದರ ಜೋಡಿಸಿದೆ. ಒಂದೇ ಲಿಪ್‌ಸ್ಟಿಕ್ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಅಷ್ಟು ವರ್ಷ ಹಚ್ಚಿದರೂ ನನಗೆ ಗೊತ್ತಿರಲಿಲ್ಲ.

ಫೋಟೋ ಬ್ಲೂಮೆನ್‌ಫೆಲ್ಡ್‌ನದರ ಹತ್ತಿರಕ್ಕೆ ಬಂದಿತ್ತು. ಹುಡುಗಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು.

“ಚಿಕ್ಕಮ್ಮ, ಚೆನ್ನಾಗಿದೆ. ಆದ್ರೆ ನಾನು ಇಷ್ಟು ಬೆಳ್ಳಗಿಲ್ಲ ಅಲ್ವಾ?”

ನನಗೆ ಮಾತೇ ಹೊರಡಲಿಲ್ಲ. ಅವಳದು ಎಣ್ಣೆಗೆಂಪು ಬಣ್ಣ, ಅಜ್ಜಿಯಿಂದ ಬಂದದ್ದು. “ಎರಡು ಶೇಡ್ ಬೆಳ್ಳಗೆ ಮಾಡಿ” ಅಂತ ಮದುವೆಗಳಲ್ಲಿ ತಾಯಂದಿರು ಹೇಳುವಾಗ ಪ್ರತಿ ಸಲ ನನ್ನ ಮನಸ್ಸು ನೋಯುತ್ತದೆ. ಈಗ ಕಲೆಯ ಹೆಸರಲ್ಲಿ ನಾನೂ ಅದನ್ನೇ ಮಾಡಿದ್ದೆ.

ಎರಡು ದಿನ ಅದೇ ಯೋಚನೆ. ಪ್ಯಾಚೆಟ್ ಚರ್ಮ ಕಾಗದಕ್ಕೆ ಹತ್ತಿರ ಇತ್ತು, ಅದಕ್ಕೇ ಕಾಗದದಲ್ಲಿ ಕರಗಿತು. ನಮ್ಮ ಹುಡುಗಿಯ ಬಣ್ಣ ಕತ್ತಲೆಗೆ ಹತ್ತಿರ. ಅದು ಕತ್ತಲಲ್ಲೇ ಕರಗಲಿ.

ಬಿಳಿ ಬಟ್ಟೆ ಬಿಚ್ಚಿ ಕಪ್ಪು ಬಟ್ಟೆ ಕಟ್ಟಿದೆ. ಹುಡುಗಿಯನ್ನು ಅದರಿಂದ ಎಂಟು ಅಡಿ ಮುಂದೆ ಕೂರಿಸಿದೆ. ಒಂದೇ ಲೈಟು. ಅದರ ಮುಂದೆ ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಬೆರಳಗಲದ ಸೀಳು.

ಇಲ್ಲಿ ಮೇಕಪ್ ಪೂರ್ತಿ ತಿರುಗುಮುರುಗು. ಬಿಳಿ ಹಿನ್ನೆಲೆಯಲ್ಲಿ ಜೀವವಾಗಿದ್ದ ಕಾಡಿಗೆ ಇಲ್ಲಿ ಕಾಣಲೇ ಇಲ್ಲ. ಕತ್ತಲಲ್ಲಿ ಕಪ್ಪು ಗೆರೆ ಹೇಗೆ ಕಂಡೀತು? ರೆಪ್ಪೆಗೆ ತಾಮ್ರದ ಬಣ್ಣದ ಶ್ಯಾಡೋ ಹಚ್ಚಿ, ಮೇಲೆ ಚೂರು ವ್ಯಾಸಲೀನ್ ಸವರಿದೆ. ಆ ಹೊಳಪಿನ ಮೇಲೆ ಲೈನರ್ ಎಳೆದಾಗ ಜಿಂಕೆಗಣ್ಣು ಬಂತು. ಹೊಳಪಿಲ್ಲದ ಮ್ಯಾಟ್ ಲಿಪ್‌ಸ್ಟಿಕ್ ಒರೆಸಿ ಹೊಳೆಯುವ ಲಿಪ್ ಗ್ಲಾಸ್ ಹಚ್ಚಿದೆ. ಪೌಡರ್ ಮುಟ್ಟಲೇ ಇಲ್ಲ. ಕಪ್ಪು ಚರ್ಮದ ಆಕಾರ ನೆರಳಿಗಿಂತ ಹೊಳಪಿನಲ್ಲಿ ಜಾಸ್ತಿ ಕಾಣುತ್ತದೆ. ಕಂಚಿನ ಬಿಂದಿಗೆ ನೋಡಿ, ಅದರ ಉಬ್ಬು ಗೊತ್ತಾಗುವುದು ಮೇಲಿನ ಒಂದು ಬಿಳಿ ಗೆರೆಯಿಂದ. ಪಕ್ಕದಲ್ಲಿ ಒಂದು ಅಡಿ ಅಗಲದ ಥರ್ಮಾಕೋಲ್ ಪಟ್ಟಿ ಹಿಡಿದಾಗ ಕೆನ್ನೆಯ ಎಲುಬಿನ ಮೇಲೆ ಅಂಥದ್ದೇ ಗೆರೆ ಬಂತು.

ಉಳಿದದ್ದು ಮಚ್ಚೆ. ಹುಡುಗಿಗೆ ಮಚ್ಚೆ ಇಲ್ಲ. ಆಗ ಅಕ್ಕನೇ ಕಾಡಿಗೆ ಡಬ್ಬಿ ತಂದು ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. “ಇಷ್ಟೆಲ್ಲ ಅಲಂಕಾರ ಮಾಡಿದೀಯ, ಕಣ್ಣು ಬೀಳತ್ತೆ” ಅಂದಳು.

ನಾನು ಹುಡುಕುತ್ತಿದ್ದುದು ಅದೇ. ನ್ಯೂಯಾರ್ಕಿನ ಮಚ್ಚೆ ‘ನನ್ನನ್ನು ನೋಡು’ ಅನ್ನುತ್ತದೆ. ನಮ್ಮ ಬೊಟ್ಟು ಚೆಲುವಿಗೆ ಬೇಕಂತಲೇ ಇಟ್ಟ ಕುಂದು, ನೋಟ ತಾಗದಿರಲಿ ಅಂತ. ಎಲ್ಲರೂ ನೋಡಲಿ ಅಂತ ತೆಗೆಯುವ ಫೋಟೋದ ಮಧ್ಯೆ ಅದು ಕೂತರೆ ಚಿತ್ರಕ್ಕೆ ಬೇರೆಯೇ ಬಿಸಿ ಬರುತ್ತದೆ. ಆದರೆ ಅದೂ ಕತ್ತಲಲ್ಲಿ ಮುಳುಗುತ್ತಿತ್ತು. ಥರ್ಮಾಕೋಲ್ ಪಟ್ಟಿಯನ್ನು ಅರ್ಧ ಗೇಣು ಸರಿಸಿ, ಬೊಟ್ಟು ಹೊಳಪಿನ ಗೆರೆಯ ಮೇಲೇ ಬರುವ ಹಾಗೆ ಮಾಡಲು ಒಂದು ಗಂಟೆ ಹಿಡಿಯಿತು.

ಮೂಗುತಿ, ಜುಮುಕಿ, ಮಲ್ಲಿಗೆ ಎಲ್ಲ ಇಡಬೇಕು ಅಂತ ಅಕ್ಕನ ಆಸೆ. ನಾನು ಒಪ್ಪಲಿಲ್ಲ. ಬ್ಲೂಮೆನ್‌ಫೆಲ್ಡ್‌ನ ಇನ್ನೊಂದು ಮುಖಪುಟ, 1945ರ ಮಾರ್ಚ್ 15ರದು, ನನ್ನ ತಲೆಯಲ್ಲಿತ್ತು. ಯುದ್ಧದ ಕಾಲ, ರೆಡ್ ಕ್ರಾಸ್‌ಗಾಗಿ ಮಾಡಿದ್ದು. ದೊಡ್ಡದೊಂದು ಕೆಂಪು ಕ್ರಾಸ್, ಅದರ ಹಿಂದೆ ಮಂಜಿನಲ್ಲಿ ನಿಂತಂಥ ಹೆಣ್ಣು. ಒಂದು ಗುರುತು ಮಾತಾಡಬೇಕಾದರೆ ಮಿಕ್ಕದ್ದು ಹಿಂದೆ ಸರಿಯಬೇಕು. ಜುಮುಕಿ ಇದ್ದಿದ್ದರೆ ಬೊಟ್ಟು ಯಾರಿಗೂ ಕಾಣುತ್ತಿರಲಿಲ್ಲ.

ಆ ಫೋಟೋ ಈಗ ಪಾರ್ಲರಿನ ಕನ್ನಡಿ ಪಕ್ಕದಲ್ಲಿದೆ. ಮದುವೆ ಹೆಣ್ಣು ಬಂದರೆ ಮೊದಲು ಕೆನ್ನೆಗೆ ನೇರ ಫ್ಲ್ಯಾಶ್ ಹಾಕಿ ಒಂದು, ಪಕ್ಕದ ಬೆಳಕಲ್ಲಿ ಒಂದು ಫೋಟೋ ತೆಗೆದು, ಕಪ್ಪು-ಬಿಳುಪು ಮಾಡಿ ನೋಡುತ್ತೇನೆ. ಫೌಂಡೇಶನ್ ಡಬ್ಬಿ ತೆರೆಯುವುದು ಆಮೇಲೆ. ಹೋದ ತಿಂಗಳು ಒಬ್ಬ ಹುಡುಗಿ ಆ ಚಿತ್ರವನ್ನೇ ನೋಡುತ್ತಾ ಕೂತಿದ್ದಳು. ಅವಳದೂ ಎಣ್ಣೆಗೆಂಪು ಬಣ್ಣ. ಅವಳ ತಾಯಿ ಶೇಡ್ ಕಾರ್ಡ್ ಕೈಗೆತ್ತಿಕೊಂಡರು. ಹುಡುಗಿ ಚಿತ್ರದತ್ತ ಕೈ ತೋರಿಸಿ, “ಅಮ್ಮ, ನಂಗೆ ಹಾಗೇ ಮಾಡ್ಲಿ” ಅಂದಳು.