ಯಾಂಗೂನ್‌ನಲ್ಲಿ ವೆಟ್ ಥಾ ಡೋಟ್ ಟೋ ತಿನ್ನೋರಿಗೆ

ಗೆಳೆಯರೇ, ಮ್ಯಾನ್ಮಾರ್‌ಗೆ ಹೋದಾಗ ಬೀದಿ ಬದಿಯಲ್ಲಿ ಕುದಿಯುವ ಪಾತ್ರೆ, ಅದರ ಸುತ್ತ ಪುಟ್ಟ ಸ್ಟೂಲ್ ಹಾಕಿಕೊಂಡು ಕೂತಿರುವ ಜನ ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಅದೇ ವೆಟ್ ಥಾ ಡೋಟ್ ಟೋ. ವೆಟ್ ಥಾ ಅಂದರೆ ಹಂದಿ ಮಾಂಸ, ಹಾಗಾಗಿ ಹಂದಿ ತಿನ್ನದವರು ಮೊದಲೇ ತಿಳಿದುಕೊಂಡಿರಿ. ಮಾಂಸದ ಜೊತೆ ಲಿವರ್, ಕರುಳು, ನಾಲಿಗೆ, ಕಿವಿ ಎಲ್ಲವನ್ನೂ ಸೋಯಾ ಸಾಸ್ ಹಾಕಿದ ಸಾರಿನಲ್ಲಿ ಮೆತ್ತಗೆ ಬೇಯಿಸಿ, ಸಣ್ಣ ಸಣ್ಣ ತುಂಡು ಮಾಡಿ ಬಿದಿರು ಕಡ್ಡಿಗೆ ಚುಚ್ಚಿರುತ್ತಾರೆ.

ಮುಖ್ಯವಾದ ಮಾತು: ತಿಂದ ಕಡ್ಡಿ ಬಿಸಾಡಬೇಡಿ. ಕೊನೆಗೆ ಕಡ್ಡಿ ಎಣಿಸಿಯೇ ದುಡ್ಡು ತೆಗೆದುಕೊಳ್ಳುತ್ತಾರೆ, ಕುಳಿತ ತಕ್ಷಣ ಒಂದು ಕಡ್ಡಿಯ ಬೆಲೆ ಎಷ್ಟು ಅಂತ ಕೇಳಿಬಿಡಿ. ಸಾರು ಚೆನ್ನಾಗಿ ಕುದಿಯುತ್ತಿರುವ, ಜನ ಜಾಸ್ತಿ ಇರುವ ಗಾಡಿಯನ್ನೇ ಆರಿಸಿ, ಹೊರಗೆ ಆರಿದ ಕಡ್ಡಿ ಇದ್ದರೆ ಸಾರಿನಲ್ಲಿ ಅದ್ದಿ ಬಿಸಿ ಮಾಡಿಕೊಂಡೇ ತಿನ್ನಿ. ಕಚ್ಚಿದ ಕಡ್ಡಿಯನ್ನು ಮಾತ್ರ ಮತ್ತೆ ಪಾತ್ರೆಗೆ ಹಾಕಬೇಡಿ, ಅದು ಎಲ್ಲರ ಪಾತ್ರೆ ಅಲ್ವಾ. ಖಾರದ ಚಟ್ನಿ, ಹಸಿ ಬೆಳ್ಳುಳ್ಳಿ ಬಿಡಲೇಬೇಡಿ, ಲಿವರ್‌ಗೆ ನಿಜವಾದ ರುಚಿ ಬರೋದೇ ಆ ಬೆಳ್ಳುಳ್ಳಿಯಿಂದ. ಯಾಂಗೂನ್‌ನ ಚೈನಾಟೌನ್‌ನಲ್ಲಿರುವ 19ನೇ ಬೀದಿ ಹೆಸರಾಗಿರೋದು ಕೆಂಡದ ಮೇಲೆ ಸುಟ್ಟ ಕಡ್ಡಿಗಳಿಗೆ, ಅದು ಬೇರೆ, ಇದು ಬೇರೆ.