ಮುಂಗಡ ಬಿಟ್ಟೆ, ತಕ್ಕಡಿ ತಂದೆ: ಅಡಿಕೆ ಸುಲಿಯುವ ತಂಡ ಕಟ್ಟಿದ ನನ್ನ ಅನುಭವ

ತೀರ್ಥಹಳ್ಳಿ ಕಡೆ ಖೇಣಿ ಮಾಡುವವರಿಗೆ, ಅಂದರೆ ತೋಟದ ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವವರಿಗೆ, ನವೆಂಬರ್ ಬಂತೆಂದರೆ ಸುಲಿಯುವ ಜನರದ್ದೇ ಚಿಂತೆ. ಕೊನೆ (ಅಡಿಕೆ ಗೊನೆ) ಇಳಿಸಿದ ಎರಡು ಮೂರು ದಿನದಲ್ಲಿ ಸುಲಿದು ಬೇಯಿಸದಿದ್ದರೆ ಬಣ್ಣ ಹೋಯ್ತು, ರೇಟೂ ಹೋಯ್ತು. ಅದಕ್ಕೇ ಎಲ್ಲರೂ ಮಳೆಗಾಲದಲ್ಲೇ ಮುಂಗಡ ಕೊಟ್ಟು ಜನರನ್ನು ಹಿಡಿದಿಡುತ್ತಾರೆ. ನಾನೂ ಕೊಡುತ್ತಿದ್ದೆ. ಅದರಲ್ಲಿ ಹತ್ತಿರ ಹತ್ತಿರ 80 ಸಾವಿರ ವಾಪಸ್ ಬರಲೇ ಇಲ್ಲ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡೋದು; ಡಬ್ಬಕ್ಕೆ 10 ರೂಪಾಯಿ ಜಾಸ್ತಿ ಮಾಡಿದೆ, ಪಕ್ಕದ ಅಂಗಳದವರು 15 ಮಾಡಿದರು.

ಒಂದು ರಾತ್ರಿ ಹಿರಿಯಕ್ಕ ಒಬ್ಬರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಬಿಟ್ಟು ಎದ್ದು ಹೇಳಿದರು: "ಅಣ್ಣ, ನಾವು ತುಂಬಿದ ಡಬ್ಬವನ್ನ ಅಳೆಯೋರು ಎರಡು ಸಲ ನೆಲಕ್ಕೆ ಕುಕ್ಕಿದರೆ ನಾಲ್ಕು ಬೆರಳು ಕೆಳಗೆ ಹೋಗ್ತದೆ. ಆ ನಾಲ್ಕು ಬೆರಳಿಗೆ ಕೂಲಿ ಯಾರು ಕೊಡ್ತಾರೆ?"

ಮರುವಾರವೇ 6 ಸಾವಿರದ ಆಸುಪಾಸಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಅಂಕಿ ಕಾಣುವ ಮುಖ ಅವರ ಕಡೆಗೇ ಇಟ್ಟೆ. ಡಬ್ಬದ ಬದಲು ತೂಕಕ್ಕೆ ಕೂಲಿ, ಮುಂಗಡ ಬಂದ್, ಪ್ರತಿ ಶನಿವಾರ ಸಂಜೆ ಬಟವಾಡೆ. "ಮುಂಗಡ ಇಲ್ಲದೆ ಯಾರು ಬರ್ತಾರೆ, ತಕ್ಕಡಿ ಮುಂದೆ ದಿನಾ ಜಗಳ" ಅಂದರು ಜೊತೆಯ ಖೇಣಿದಾರರು. ಮೊದಲ ವಾರ ಜಗಳ ಆಗಿದ್ದು ನಿಜ. ತೂಕ ಕೂಗಿ ಹೇಳುತ್ತಿದ್ದರಿಂದ ಕೈ ನಿಧಾನ ಇದ್ದವರಿಗೆ ಅವಮಾನ ಆಗುತ್ತಿತ್ತು. ಕೂಗೋದು ನಿಲ್ಲಿಸಿ, ಅವರವರ ಪುಸ್ತಕದಲ್ಲಿ ಬರೆದುಕೊಟ್ಟೆ. ಗಲಾಟೆ ತಣ್ಣಗಾಯ್ತು.

ಜಾಸ್ತಿ ಸುಲಿದವರಿಗೆ ಕುಕ್ಕರ್ ಬಹುಮಾನ ಇಟ್ಟೂ ನೋಡಿದೆ. ಆತುರದಲ್ಲಿ ಸಿಪ್ಪೆ ಉಳಿದ ಅಡಿಕೆ, ಕತ್ತಿ ತಾಗಿದ ಅಡಿಕೆ ಹಂಡೆಗೆ ಬರತೊಡಗಿತು. ಬೇಯಿಸುವವನು ಸಿಟ್ಟಾದ. ಎರಡೇ ವಾರಕ್ಕೆ ಬಿಟ್ಟೆ. ಅದೇ ದುಡ್ಡಲ್ಲಿ ರಾತ್ರಿ ಪಿಕಪ್‌ನಲ್ಲಿ ಎಲ್ಲರನ್ನೂ ಮನೆಬಾಗಿಲಿಗೆ ಬಿಡಿಸುತ್ತೇನೆ. ದಿನಕ್ಕೆ 300 ರೂಪಾಯಿ ಡೀಸೆಲ್ ಅಷ್ಟೇ. ಇಷ್ಟು ಸಾರ್ಥಕವಾಗಿ ಖರ್ಚಾದ ದುಡ್ಡು ನನ್ನ ಲೆಕ್ಕದಲ್ಲಿ ಬೇರೆ ಇಲ್ಲ. ಕತ್ತಲಲ್ಲಿ ಒಬ್ಬರೇ ನಡೆಯಬೇಕು ಅಂತ ಬೇಗ ಎದ್ದು ಹೋಗುತ್ತಿದ್ದವರು ಈಗ ಒಂಬತ್ತರವರೆಗೂ ಕೂರುತ್ತಾರೆ.

ಸಿಪ್ಪೆ ಉಳಿದರೆ ಅಂಗಳದಲ್ಲಿ ನಾನು ಬಾಯಿ ಬಿಡೋದಿಲ್ಲ. ಮರುದಿನ ಅವರೊಬ್ಬರೇ ಇದ್ದಾಗ ಆ ಅಡಿಕೆಯನ್ನೇ ಕೈಗೆ ಕೊಡುತ್ತೇನೆ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರರಿಗೆ ಅಂಚೆ ಕಚೇರಿಯಲ್ಲಿ ಅಪಘಾತ ವಿಮೆ ಮಾಡಿಸಿದೆ, ಅವರ ಮನೆಯವರೇ ಬಂದು ಮಾತಾಡಿಸಿ ಹೋದರು.

ದೊಡ್ಡ ಕಾಯಿ ಆದರೆ ಬೇಗ ತೂಕ ಬರ್ತದೆ, ಹಾಗಾಗಿ ಆ ಗುಡ್ಡೆ ಯಾರಿಗೆ ಅನ್ನೋ ತಕರಾರು ಎಲ್ಲಾ ಕಡೆ ಇದೆ, ಅಲ್ವಾ? ಬೇರೆ ಬೇರೆ ತೋಟದ ಕೊನೆ ಬೆರೆಸಿ ಹಂಚುತ್ತೇನೆ. ಯಾವ ಹೊತ್ತಿಗೆ, ಯಾರ ಕೈಯಲ್ಲಿ ಹಂಚಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಕಳೆದ ಸುಗ್ಗಿಯಲ್ಲಿ ಹದಿನೈದು ಜನರಲ್ಲಿ ಒಬ್ಬರೂ ನಡುವೆ ಬಿಡಲಿಲ್ಲ. ಸುಲಿದ ಹಸಿ ಅಡಿಕೆಯೇ 300 ಕ್ವಿಂಟಾಲ್ ಹತ್ತಿರ ಆಯ್ತು. ನಮ್ಮ ಸುತ್ತಿನಲ್ಲಿ ಇಂಥ ತಂಡ ಇನ್ನೊಬ್ಬರಲ್ಲಿ ಇಲ್ಲ. ಈ ಸಲ ಅವರೇ ಇಬ್ಬರನ್ನು ಕರೆದುಕೊಂಡು ಬರುತ್ತಿದ್ದಾರೆ. ತಕ್ಕಡಿ ತರುವವರು ಮಾಪನ ಇಲಾಖೆಯ ಮುದ್ರೆ ಹಾಕಿಸಿಯೇ ಇಡಿ, ಸುಲಿಯುವವರು ಮೊದಲ ದಿನವೇ ಅದನ್ನು ನೋಡುತ್ತಾರೆ.