ಕೈ ಎತ್ತಿದರೆ ಭುಜ ಚುಚ್ಚುತ್ತಾ? ವ್ಯಾಯಾಮ ಹೀಗೆ ಶುರು ಮಾಡಿ

ಅಟ್ಟದ ಮೇಲಿನ ಡಬ್ಬ ತೆಗೆಯುವಾಗ, ತಲೆ ಬಾಚುವಾಗ ಭುಜ ಚುಚ್ಚುತ್ತದೆ. ಕೈಯನ್ನು ಪಕ್ಕದಿಂದ ಎತ್ತುತ್ತಾ ಹೋದರೆ 60ರಿಂದ 120 ಡಿಗ್ರಿ ನಡುವೆ ನೋವು ಜಾಸ್ತಿ, ದಾಟಿದರೆ ಕಡಿಮೆ. ಇದೇ ಸಾಮಾನ್ಯವಾಗಿ ಶೋಲ್ಡರ್ ಇಂಪಿಂಜ್‌ಮೆಂಟ್, ಅಂದರೆ ಕೈ ಎತ್ತುವಾಗ ಭುಜದ ಸ್ನಾಯುರಜ್ಜು ಮೇಲಿನ ಮೂಳೆಗೆ ಒತ್ತಿಕೊಳ್ಳುತ್ತದೆ ಎಂದು ಹೇಳುವ ತೊಂದರೆ. ಮೇಲಿನ ಮೂಳೆ ಸ್ವಲ್ಪ ಕೆರೆದರೆ ಸರಿಹೋಗುತ್ತದೆ ಅಂತ ಬಹಳ ಕಾಲ ಆಪರೇಷನ್ ಮಾಡುತ್ತಿದ್ದರು. ಆದರೆ 2018ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಫಿನ್ಲೆಂಡ್‌ನ ಅಧ್ಯಯನಗಳಲ್ಲಿ, ಮೂಳೆ ಕೆರೆಸಿಕೊಂಡವರಿಗೂ ಬರೀ ಕ್ಯಾಮೆರಾ ಹಾಕಿ ನೋಡಿಸಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊದಲು ವ್ಯಾಯಾಮ.

ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ, ಜ್ವರ ಇದ್ದರೆ, ಕೈ ಜೋಮು ಹಿಡಿದರೆ ಮೊದಲು ವೈದ್ಯರನ್ನು ನೋಡಿ. ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬೇರೆಯವರು ಎತ್ತಿದರೂ ಕೈ ಮೇಲೆ ಹೋಗುವುದಿಲ್ಲವಾ? ಅದು ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವುದು) ಇರಬಹುದು, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ.

ಮೊದಲ ವಾರ ಸುಲಭದ್ದು ಸಾಕು. ಮೇಜಿಗೆ ಒರಗಿ ಬಗ್ಗಿ, ನೋಯುವ ಕೈಯನ್ನು ಜೋತುಬಿಟ್ಟು ಮೆಲ್ಲಗೆ ತೂಗಾಡಿಸಿ. ಆಮೇಲೆ ನೆಟ್ಟಗೆ ಕೂತು ಬೆನ್ನಿನ ಮೇಲ್ಭಾಗದ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಸೇರಿಸಿ, 5 ಸೆಕೆಂಡ್ ಹಿಡಿದು ಬಿಡಿ. ಭುಜ ಕಿವಿಯತ್ತ ಏರಬಾರದು.

ಮುಖ್ಯವಾದದ್ದು ರಬ್ಬರ್ ಬ್ಯಾಂಡ್ ವ್ಯಾಯಾಮ. ಬ್ಯಾಂಡನ್ನು ಕಿಟಕಿ ಸರಳಿಗೆ ಸೊಂಟದ ಎತ್ತರಕ್ಕೆ ಕಟ್ಟಿ, ನೋಯುವ ಕೈ ಕಿಟಕಿಯಿಂದ ದೂರದ ಪಕ್ಕದಲ್ಲಿರುವಂತೆ ಅಡ್ಡಲಾಗಿ ನಿಂತು, ಬ್ಯಾಂಡಿನ ತುದಿಯನ್ನು ಆ ಕೈಯಲ್ಲಿ ಹಿಡಿಯಿರಿ. ಮೊಣಕೈ 90 ಡಿಗ್ರಿ ಮಡಚಿ, ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಈಗ ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಕ್ಕೆ ತಿರುಗಿಸಿ, ವಾಪಸ್ ತರುವಾಗ ಇನ್ನೂ ನಿಧಾನ ಮಾಡಿ, ಬ್ಯಾಂಡ್ ತಾನಾಗಿ ಎಳೆದುಕೊಂಡು ಹೋಗಲು ಬಿಡಬೇಡಿ. ಟವೆಲ್ ಬಿದ್ದರೆ ಮೊಣಕೈ ಜರುಗಿದೆ ಅಂತಲೇ ಅರ್ಥ. 10 ಸಲ, ಮೂರು ಸುತ್ತು, ದಿನ ಬಿಟ್ಟು ದಿನ.

ಇದು ಹಗುರ ಅನ್ನಿಸಿದಾಗ ಗೋಡೆಗೆ ಕೈ ಊರಿ ಪುಷ್‌ಅಪ್ ಮಾಡಿ. ಆಮೇಲೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿದು, ಹೆಬ್ಬೆರಳು ಮೇಲಿರುವಂತೆ, ಕೈಯನ್ನು ಓರೆಯಾಗಿ ಮುಂದಕ್ಕೆ ಭುಜದ ಮಟ್ಟದವರೆಗೆ ಎತ್ತಿ.

ಸ್ವಲ್ಪ ನೋವು ಬರುತ್ತದೆ, ಹೆದರಿ ನಿಲ್ಲಿಸಬೇಡಿ. ಹತ್ತಕ್ಕೆ ಮೂರು-ನಾಲ್ಕರಷ್ಟಿದ್ದು, ಮರುದಿನ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ಎರಡು ವಾರಕ್ಕೇ ಗುಣ ಕಾಣಲಿಲ್ಲ ಅಂತ ಬಿಡುವವರೇ ಜಾಸ್ತಿ, ಆದರೆ ಇದಕ್ಕೆ 12 ವಾರವಾದರೂ ಬೇಕು ಸ್ವಾಮಿ! ಅಲ್ಲಿಯವರೆಗೆ ನೋಯುವ ಭುಜದ ಮೇಲೆ ಮಲಗಬೇಡಿ, ದಿನಾ ಬೇಕಾಗುವ ಡಬ್ಬಗಳನ್ನು ಅಟ್ಟದಿಂದ ಕೆಳಗಿನ ಶೆಲ್ಫಿಗೆ ಇಳಿಸಿಕೊಳ್ಳಿ.